ಅಪ್‌ಡೇಟ್: ಕುಚ್ಚಲಕ್ಕಿ ಒಯ್ಯಬೇಕಾ ಅಂತ ಕೇಳಿದ್ದೆನಲ್ಲ

ಓದಲು ಜರ್ಮನಿಗೆ ಹೊರಟಾಗ, ಕುಚ್ಚಲಕ್ಕಿ ಒಯ್ಯಬೇಕಾ, ಸಸ್ಯಾಹಾರಿಗೆ ಅಲ್ಲಿ ಏನು ಸಿಗುತ್ತದೆ ಅಂತ ಕೇಳಿದ್ದೆ. ಮೊದಲ ಸೆಮಿಸ್ಟರ್ ಮುಗಿಸಿ ಉಡುಪಿಗೆ ಬಂದಿದ್ದೇನೆ.

5 ಕಿಲೋ ಒಯ್ದಿದ್ದೆ, 3 ಕಿಲೋ ಹಾಗೇ ಇದೆ. ಬೇಯಲು ಅಷ್ಟು ಹೊತ್ತು ಬೇಕು, ಹಾಸ್ಟೆಲ್‌ನಲ್ಲಿ ಒಲೆಗೇ ಕ್ಯೂ! ತುಪ್ಪ ಮನೆಯಲ್ಲೇ ಬಿಟ್ಟೆ. ಹಾಲಿನ ಪದಾರ್ಥ ಹೊರಗಿನಿಂದ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ ಅಂತ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಭಾನುವಾರ ಅಂಗಡಿ ಬಂದ್ ಅಂದದ್ದನ್ನು ಮಾತ್ರ ನಂಬಲಿಲ್ಲ. ಮೊದಲ ಭಾನುವಾರ ಮೂರು ಹೊತ್ತೂ ಅವಲಕ್ಕಿ.

ತುಂಬ ಹಿಡಿಸಿದ್ದು ಕಾರ್ಟೋಫೆಲ್‌ಪುಫರ್. ಬಟಾಟೆ ತುರಿದು, ತಟ್ಟಿ, ಎಣ್ಣೆಯಲ್ಲಿ ಕಾಯಿಸಿದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ. ಪಕ್ಕದಲ್ಲಿದ್ದದ್ದು ಚಟ್ನಿ ಅಂದುಕೊಂಡು ಜಾಸ್ತಿಯೇ ಅದ್ದಿ ಬಾಯಿಗಿಟ್ಟರೆ, ಬೇಯಿಸಿ ಅರೆದ ಸೇಬು! ಸಿಹಿ. ಎರಡನೇ ಸಲ ನಾನೇ ಕೇಳಿ ಹಾಕಿಸಿಕೊಂಡೆ.

ಸಾವರ್‌ಕ್ರೌಟ್ ಇನ್ನೂ ನಾಲಿಗೆಗೆ ಒಗ್ಗಿಲ್ಲ. ಎಲೆಕೋಸು ಹೆಚ್ಚಿ ಉಪ್ಪು ಬೆರೆಸಿ ಹುಳಿ ಬರಿಸುತ್ತಾರೆ ಅಂತ ಅಜ್ಜಿಗೆ ವಿವರಿಸಿದೆ. "ಹಲಸಿನಕಾಯಿಯದ್ದು ಉಪ್ಪಿನಲ್ಲಿ ಹಾಕಿಡುವ ನಮ್ಮ ಉಪ್ಪು ಸೊಳೆ ಹಾಗೇ ಅಲ್ವಾ? ಅದನ್ನು ತಿಂತೀಯಲ್ಲ," ಅಂದರು. ಉತ್ತರ ಹೊಳೆಯಲಿಲ್ಲ.

ಈ ಸಲ ಅಕ್ಕಿ ಬೇಡ, ನೀರುದೋಸೆಗೆ ಬೀಡಿನ ಕಾವಲಿ ಒಯ್ಯುತ್ತೇನೆ. ಅಪ್ಪ ಆಗಲೇ ಅದನ್ನು ಎರಡು ಸಲ ತೂಗಿ ನೋಡಿದ್ದಾರೆ.