ಕೆಲಸ ಬಿಡದೆ ಪಿಸ್ತೂಲ್ ಶೂಟಿಂಗ್: ಅನುಭವ ಇದ್ದವರು ಹೇಳಿ

ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ನ್ಯಾಷನಲ್ಸ್‌ಗೆ (ರಾಷ್ಟ್ರೀಯ ಚಾಂಪಿಯನ್‌ಶಿಪ್) ತಯಾರಿ ನಡೆಸಿದ್ದೇನೆ. ಅಭ್ಯಾಸ ಮಾಡುವ ಶೂಟಿಂಗ್ ರೇಂಜ್ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಎರಡೂ ಹೇಗೆ ನಿಭಾಯಿಸಲಿ?

ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ಮೊದಲು ದಿನಾ ರೇಂಜ್‌ಗೆ ಹೋಗುವ ಆಸೆ ಬಿಡಿ ಸಾರ್. ಸಂಜೆ ಟ್ರಾಫಿಕ್‌ನಲ್ಲಿ ಸಿಲ್ಕ್ ಬೋರ್ಡ್ ದಾಟಿ ಬಂದ ಕೈ ಗುರಿ ಹಿಡಿಯಲ್ಲ. ವಾರದ ದಿನ ಮನೆಯಲ್ಲೇ ಡ್ರೈ ಫೈರಿಂಗ್ ಮಾಡಿ, ಅಂದರೆ ಪೆಲೆಟ್ (ಸಣ್ಣ ಗುಂಡು) ಹಾಕದೆ ಗುರಿ ಹಿಡಿದು ಟ್ರಿಗರ್ ಎಳೆಯುವುದು. ಅರ್ಧ ಗಂಟೆ ಸಾಕು. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿಕೊಂಡು, ಬಿಳಿ ಗೋಡೆಗೆ ಮುಖ ಮಾಡಿ ನಿಲ್ಲಿ. ಕಣ್ಣು ಮುಂದಿನ ಸೈಟ್ (ನಳಿಕೆ ತುದಿಯ ಗುರಿಗುರುತು) ಮೇಲಿರಲಿ. ಟ್ರಿಗರ್ ಬಿದ್ದ ಕ್ಷಣ ಸೈಟ್ ಎಡಕ್ಕೋ ಕೆಳಕ್ಕೋ ಜಗ್ಗಿದರೆ ಅಲ್ಲೇ ಗೊತ್ತಾಗುತ್ತೆ. ರೇಂಜ್‌ನಲ್ಲಿ ಇದು ಕಾಣಲ್ಲ, ಕಣ್ಣು ಸ್ಕೋರ್ ಕಡೆ ಓಡಿರುತ್ತೆ ಅಲ್ವಾ! ಟ್ರಿಗರ್ ಹಗುರ ಮಾಡಿಕೊಳ್ಳಲು ಹೋಗಬೇಡಿ. ಟ್ರಿಗರ್ ಎಳೆಯಲು ಬೇಕಾಗುವ ಭಾರ ಕನಿಷ್ಠ 500 ಗ್ರಾಂ ಇರಲೇಬೇಕು, ಪಂದ್ಯದಲ್ಲಿ ತೂಕ ಕಟ್ಟಿ ನೋಡುತ್ತಾರೆ.

ಭಾನುವಾರ ರೇಂಜ್‌ನಲ್ಲಿ ಪೂರ್ತಿ ಪಂದ್ಯ ಆಡಿ: 60 ಶಾಟ್, 75 ನಿಮಿಷ. ಸುಮ್ನೆ ಪೆಲೆಟ್ ಖಾಲಿ ಮಾಡಿ ಬರಬೇಡಿ.

ಡಾಕ್ಟರ್, ಜಯನಗರ

ನೈಟ್ ಡ್ಯೂಟಿ ಮುಗಿಸಿದ ದಿನ ನಾನು ಪಿಸ್ತೂಲ್ ಮುಟ್ಟುವುದಿಲ್ಲ. ನಿದ್ದೆಗೆಟ್ಟ ಕೈ ನಡುಗುತ್ತೆ, ಆ ನಡುಕಕ್ಕೆ ಹಿಡಿತ ಬದಲಿಸಿ ಇನ್ನೊಂದು ವಾರ ಹಾಳು. ಕಾಫಿ ವಿಷಯ: ಅದರಿಂದಲೂ ಕೈ ನಡುಗಬಹುದು, ಆದರೆ ದಿನಾ ಕುಡಿಯುವವರು ಪಂದ್ಯದ ದಿನವೇ ಬಿಟ್ಟರೆ ತಲೆನೋವು ಬರಬಹುದು. ಮೊದಲೇ ನಿಧಾನವಾಗಿ ಕಡಿಮೆ ಮಾಡಿ.

ಕೆಲಸ ಬಿಟ್ಟು ಮತ್ತೆ ಸೇರಿದವನು, ಕೆಂಗೇರಿ

ಶೂಟರ್ ಸ್ವಪ್ನಿಲ್ ಕುಸಾಳೆ ರೈಲ್ವೆ ಕೆಲಸದಲ್ಲಿದ್ದೇ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು ಅಂತ ಎಲ್ಲರೂ ಹೇಳುತ್ತಾರೆ. ಕ್ರೀಡಾಪಟುಗಳಿಗೆ ಅಲ್ಲಿ ಸಿಗುವ ರಜೆ ನಮ್ಮ ಐಟಿ ಕಂಪನಿಗಳಲ್ಲಿ ಎಲ್ಲಿಂದ ಬರಬೇಕು? ನಮಗೆ ಹತ್ತಿರದವರು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ನಿಮ್ಮದೇ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೂ ಹೋದರು.

ನನ್ನ ಲೆಕ್ಕದಲ್ಲಿ ನ್ಯಾಷನಲ್ಸ್‌ವರೆಗೆ ಕೆಲಸ ಇಟ್ಟುಕೊಂಡೇ ಹೋಗಬಹುದು. ಇಂಡಿಯಾ ಟೀಮ್ ಟ್ರಯಲ್ಸ್ ಶುರುವಾದರೆ ರಜೆ ಸಾಲಲ್ಲ. ಆಗಲೂ ನೇರ ರಾಜೀನಾಮೆ ಬೇಡ, ಮೊದಲು ಸಂಬಳವಿಲ್ಲದ ರಜೆ ಕೇಳಿ. ಪಂದ್ಯದ ದಿನಾಂಕ ಬಂದ ದಿನವೇ ಮ್ಯಾನೇಜರ್‌ಗೆ ಮೇಲ್ ಹಾಕಿ. ಸಾಫ್ಟ್‌ವೇರ್ ರಿಲೀಸ್ ವಾರದಲ್ಲಿ ಕೇಳಿದರೆ ದೇವರೇ ಬಂದರೂ ರಜೆ ಕೊಡಲ್ಲ.