ಕಾರ್ಟಿಸಾಲ್ ಕಡಿಮೆ ಎಂದು ಕೆಂಪಕ್ಷರದಲ್ಲಿ ಬಂದಿದೆ. ಇದು ಒತ್ತಡದ ಕಾಯಿಲೆಯೇ?

ಪ್ರಶ್ನೆ: ಡೊಂಬಿವಲಿಯ ಸದಸ್ಯರಿಂದ

ಡಾಕ್ಟರಿಗೆ ನಮಸ್ಕಾರ. ನನಗೆ 46 ವರ್ಷ, ಅಂಧೇರಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಬೆಳಗ್ಗೆ ಫಾಸ್ಟ್ ಲೋಕಲ್ ಹಿಡಿದು ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೊ ಹತ್ತುವವನು ನಾನು. ರಾತ್ರಿ ಮನೆ ಸೇರುವಾಗ ಒಂಬತ್ತು ದಾಟಿರುತ್ತದೆ. ಮಾರ್ಚ್ ಎಂಡಿಂಗ್ ಕಳೆದ ಮೇಲೂ ಆಯಾಸ ಹೋಗದ ಕಾರಣ, ‘ಸ್ಟ್ರೆಸ್ ಪ್ರೊಫೈಲ್’ ಸೇರಿದ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಭಾನುವಾರ ಎಂಟಕ್ಕೆ ರಕ್ತ ತೆಗೆಯಲು ಬರಬೇಕಾದ ಹುಡುಗ ಬಂದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಉಪವಾಸ, ಎರಡು ಸಲ ಫೋನಿನಲ್ಲಿ ಜಗಳ. ವರದಿಯಲ್ಲಿ ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸಾಲ್ 5.4 ಎಂದು ಕೆಂಪಕ್ಷರದಲ್ಲಿ ಬಂದಿದೆ. ಕೈಗಡಿಯಾರ ದಿನವೂ ಗಾಡಿಯಲ್ಲಿ ‘ಒತ್ತಡ ಹೆಚ್ಚು’ ಎನ್ನುತ್ತದೆ, ಕ್ಲಿನಿಕ್ಕಿನಲ್ಲಿ ಬಿಪಿ 146/92 ಇತ್ತು. ನಮ್ಮ ಬಿಲ್ಡಿಂಗಿನ ಒಬ್ಬರು ಇದು ‘ಅಡ್ರಿನಲ್ ಫಟೀಗ್’ ಎಂದು ಹೇಳಿ ಒಂದು ಪುಡಿಯ ಡಬ್ಬಿಯನ್ನೂ ಸೂಚಿಸಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ಮಾಟುಂಗದ ವೈದ್ಯರಿಂದ

ನಿಮ್ಮ ವರದಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಅಂಕಿಗಿಂತ ಮುಖ್ಯವಾದ ವಿಷಯ ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದೆ: ಮಾದರಿ ಸಂಗ್ರಹಿಸಿದ ಸಮಯ 12.35. ನಿಮ್ಮ ಅಂಕಿಯ ಎದುರಿಗೆ ಅಚ್ಚಾಗಿರುವ 6.2ರಿಂದ 19.4ರ ಮಿತಿ ಬೆಳಗಿನ ರಕ್ತಕ್ಕೆ ಹೇಳಿದ್ದು. ಅದೇ ಹಾಳೆಯ ಕೆಳಗಡೆ ಅಪರಾಹ್ನದ ಮಿತಿ 2.3ರಿಂದ 11.9 ಎಂದೂ ಇದೆ. ಕಾರ್ಟಿಸಾಲ್ ನಸುಕಿನಲ್ಲಿ ಏರತೊಡಗಿ, ಎಚ್ಚರವಾದ ಮುಕ್ಕಾಲು ಗಂಟೆಯೊಳಗೆ ತುದಿ ಮುಟ್ಟಿ, ಹೊತ್ತು ಏರಿದಂತೆ ಇಳಿಯುತ್ತಾ ನಡುರಾತ್ರಿಯ ಸುಮಾರಿಗೆ ತಳ ಕಾಣುತ್ತದೆ. ಮಧ್ಯಾಹ್ನದ ರಕ್ತವನ್ನು ಬೆಳಗಿನ ಅಳತೆಗೋಲಿನಿಂದ ಅಳೆದರೆ ಕೆಂಪಕ್ಷರ ಬರದೆ ಇನ್ನೇನು ಬಂದೀತು? ತಪ್ಪು ಸಮಯದ್ದು, ಅಂಕಿಯದ್ದಲ್ಲ.

ಇನ್ನು ‘ಅಡ್ರಿನಲ್ ಫಟೀಗ್’. ಒತ್ತಡದಿಂದ, ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿ ದಣಿದು ಸೋಲುತ್ತದೆ ಎಂಬ ಈ ಕಾಯಿಲೆಯನ್ನು ಹಾರ್ಮೋನು ತಜ್ಞರ ಸಂಘಗಳು ಒಪ್ಪಿಲ್ಲ. ಗ್ರಂಥಿಯೇ ಕೆಡುವ ನಿಜವಾದ ಕಾಯಿಲೆ ಬೇರೆ ಇದೆ. ಅದನ್ನು 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವಿವರಿಸಿದರು, ನಮ್ಮ ದೇಶದಲ್ಲಿ ಕ್ಷಯವೂ ಅದಕ್ಕೆ ಕಾರಣವಾಗುವುದುಂಟು. ಅದರಲ್ಲಿ ತೂಕ ಇಳಿಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಅಂಗೈಯ ಗೆರೆಗಳೂ ಒಸಡೂ ಕಪ್ಪಾಗುತ್ತವೆ, ಉಪ್ಪು ತಿನ್ನಬೇಕೆನಿಸುತ್ತದೆ. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ. ಪುಡಿಯ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಿ.

ಒತ್ತಡವನ್ನು ಅಳೆಯುವುದೇಕೆ ಕಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೇಹ ಒತ್ತಡಕ್ಕೆ ಎರಡು ದಾರಿಗಳಲ್ಲಿ ಓಗೊಡುತ್ತದೆ. ಗಾಡಿ ಹೊರಟೇಬಿಟ್ಟಿತು ಎನ್ನುವಾಗ ಕಾಲು ಓಡುವ ಮೊದಲೇ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ನರಗಳ ಮತ್ತು ಅಡ್ರಿನಲಿನ್‌ನ ದಾರಿ, ಸೆಕೆಂಡುಗಳ ಕೆಲಸ. ಇನ್ನೊಂದು ನಿಧಾನದ್ದು: ಮೆದುಳಿನ ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಹೇಳಿಕಳುಹಿಸಿ, ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸಿ, ಕಾರ್ಟಿಸಾಲ್ ತುದಿಗೇರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದಲೇ ಸಂಶೋಧಕರು ಒಂದೇ ಮಾದರಿಯನ್ನು ನೆಚ್ಚುವುದಿಲ್ಲ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ರೂಪಿಸಿದ ಪರೀಕ್ಷೆಯಲ್ಲಿ, ನಗದೆ ಕುಳಿತ ತೀರ್ಪುಗಾರರ ಎದುರು ಭಾಷಣ ಮಾಡಿಸಿ, ಆಮೇಲೆ 1022ರಿಂದ ಹದಿಮೂರು ಹದಿಮೂರನ್ನೇ ಬಾಯಲ್ಲಿ ಕಳೆಯುತ್ತಾ ಹೋಗಲು ಹೇಳಿ, ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ. ಲೆಕ್ಕದವರಾದ ನಿಮಗೂ ಬೆವರು ಬಂದೀತು. ಅದರ ಮುಂಚೆಯೂ ನಂತರವೂ ಹಲವು ಸಲ ಜೊಲ್ಲನ್ನು ಸಂಗ್ರಹಿಸಿ, ಕಾರ್ಟಿಸಾಲ್ ಎಷ್ಟು ಏರಿತು ಎಂಬುದರ ಜೊತೆಗೆ ಎಷ್ಟು ಬೇಗ ಇಳಿಯಿತು ಎಂಬುದನ್ನೂ ನೋಡುತ್ತಾರೆ. ಇದರ ಮುಂದೆ ಮಧ್ಯಾಹ್ನದ ಒಂದು ಹನಿ ರಕ್ತವೆಂದರೆ, ಪಾಸ್‌ಬುಕ್ಕಿನ ಒಂದು ಸಾಲನ್ನು ನೋಡಿ ವರ್ಷದ ಅಢಾವೆ ಹೇಳಿದಂತೆ.

ಕೈಗಡಿಯಾರ ಮಣಿಕಟ್ಟಿನ ಮೇಲೆ ಹಸಿರು ಬೆಳಕು ಬಿಟ್ಟು ನಾಡಿಯ ಎರಡು ಬಡಿತಗಳ ನಡುವಿನ ಅಂತರವನ್ನು ಲೆಕ್ಕ ಹಾಕುತ್ತದೆ. ಉಸಿರು ಒಳಗೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುವ ಈ ಏರಿಳಿತ ಹೆಚ್ಚಿದ್ದಷ್ಟೂ ದೇಹ ವಿಶ್ರಾಂತಿಯಲ್ಲಿದೆ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಚೀಲ ಹಿಡಿದು ಜನರ ನಡುವೆ ನಿಂತವನ ನಾಡಿ ಸುಮ್ಮನಿರುವುದು ಸಾಧ್ಯವೇ ಇಲ್ಲ. ಅದನ್ನು ಒತ್ತಡವೆಂದು ಕರೆಯುವುದು ಆಯಾ ಕಂಪನಿಯ ಸ್ವಂತ ಸೂತ್ರ. ಎದ್ದ ಕೂಡಲೇ ಹಾಸಿಗೆಯಲ್ಲೇ ನೋಡಿದ ಅಂಕಿಯನ್ನು ನಿಮ್ಮದೇ ಹಿಂದಿನ ವಾರಗಳ ಅಂಕಿಯೊಂದಿಗೆ ಹೋಲಿಸಿದರೆ ಮಾತ್ರ ಅದಕ್ಕೆ ಬೆಲೆಯಿದೆ.

ನನ್ನನ್ನು ಕೇಳಿದರೆ, ನಿಮ್ಮ ಪತ್ರದಲ್ಲಿ ಗಮನ ಕೊಡಬೇಕಾದ ಅಂಕಿ 146/92. ಕೆಲವರಿಗೆ ಬಿಳಿ ಕೋಟು ಕಂಡರೇ ಬಿಪಿ ಏರುತ್ತದೆ, ಇನ್ನು ಕೆಲವರಿಗೆ ಕ್ಲಿನಿಕ್ಕಿನಲ್ಲಿ ಸರಿಯಿದ್ದು ಕಚೇರಿಯಲ್ಲಿ ಏರುತ್ತದೆ. ತೋಳಿಗೆ ಪಟ್ಟಿ ಕಟ್ಟುವ ಯಂತ್ರದಿಂದ ಏಳು ದಿನ ಬೆಳಗ್ಗೆ ಮತ್ತು ಸಂಜೆ, ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡೆರಡು ಸಲ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಅದು 135/85 ಅಥವಾ ಅದಕ್ಕಿಂತ ಮೇಲಿದ್ದರೆ ಮುಂದಿನ ಮಾತು. ಜೊತೆಗೆ ಒಂದು ಪ್ರಶ್ನೆ: ಯಾವುದೇ ರೂಪದ ಸ್ಟಿರಾಯ್ಡ್, ಅಂದರೆ ಮಂಡಿಗೆ ಇಂಜೆಕ್ಷನ್, ಇನ್‌ಹೇಲರ್, ಚರ್ಮದ ಮುಲಾಮು, ಬಳಸುತ್ತಿದ್ದೀರಾ?

ಮರುಪ್ರಶ್ನೆ: ಡೊಂಬಿವಲಿಯ ಸದಸ್ಯರಿಂದ, ಹತ್ತು ದಿನಗಳ ನಂತರ

ಬಿಪಿಯ ಸರಾಸರಿ 128/82 ಬಂದಿದೆ. ಮುಲಾಮಿನ ವಿಷಯ ಬರೆಯಲು ಸಂಕೋಚವಾಗಿತ್ತು: ತೊಡೆಸಂದಿಯ ಗಜಕರ್ಣಕ್ಕೆ ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬನ್ನು ಮೂರು ತಿಂಗಳಿಂದ ಹಚ್ಚುತ್ತಿದ್ದೇನೆ. ಅದರ ಮೇಲೆ ಕ್ಲೊಬೆಟಸಾಲ್ ಎಂದಿದೆ.

ಉತ್ತರ

ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಇದರಿಂದ ನನ್ನ ಮೊದಲ ಉತ್ತರವನ್ನು ತಿದ್ದಬೇಕಾಗಿದೆ. ಕ್ಲೊಬೆಟಸಾಲ್ ಅತ್ಯಂತ ಪ್ರಬಲವಾದ ಸ್ಟಿರಾಯ್ಡ್. ಅದನ್ನು ಸತತವಾಗಿ ಎರಡು ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಂ ಮೀರಿ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ, ಸಂದಿಯ ತೆಳು ಚರ್ಮದಲ್ಲಂತೂ ಅದು ಇನ್ನೂ ಹೆಚ್ಚಾಗಿ ಒಳಗಿಳಿಯುತ್ತದೆ. ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದೆ ಎಂದು ಕಂಡುಕೊಂಡ ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸಿ, ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನು ಕಡಿಮೆ ಮಾಡಬಹುದು. ಮೇಲಾಗಿ ಅದು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಿಸುತ್ತದೆ. ಈ ಊರಿನ ಸೆಕೆಯಲ್ಲಿ, ಗಾಡಿಯ ಬೆವರಿನಲ್ಲಿ, ಇಂಥ ಟ್ಯೂಬನ್ನು ಕೇಳದವರೇ ಕಡಿಮೆ. ಚೀಟಿಯಿಲ್ಲದೆ ಕೊಡುವವರಿಗೂ ಕೊರತೆಯಿಲ್ಲ.

ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಟ್ಯೂಬನ್ನು ಬಿಡಿ. ಈ ಸಲ ಪ್ರಯೋಗಾಲಯಕ್ಕೆ ನೀವೇ ನಡೆದುಹೋಗಿ, ಬೆಳಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಿ. ಕಾರ್ಟಿಸಾಲ್ 3ಕ್ಕಿಂತ ಕೆಳಗಿದ್ದರೆ ಕೊರತೆ ಬಹುಮಟ್ಟಿಗೆ ಖಚಿತ, 15 ದಾಟಿದರೆ ಬಹುಮಟ್ಟಿಗೆ ಇಲ್ಲ. ನಡುವೆ ಬಂದರೆ ಎಸಿಟಿಎಚ್ (ಪಿಟ್ಯುಟರಿಯ ಆಜ್ಞೆಯನ್ನು ಅಡ್ರಿನಲ್‌ಗೆ ಮುಟ್ಟಿಸುವ ಹಾರ್ಮೋನು) ಪರೀಕ್ಷೆ: 250 ಮೈಕ್ರೊಗ್ರಾಂ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆ ಮತ್ತು ಒಂದು ಗಂಟೆಯ ನಂತರ ರಕ್ತ ತೆಗೆದು, ಗ್ರಂಥಿ ಓಗೊಡುತ್ತದೆಯೇ ಎಂದು ನೋಡುವುದು. ಅಲ್ಲಿಯವರೆಗೆ ವಾಂತಿ, ತೀವ್ರ ನಿಶ್ಶಕ್ತಿ, ತಲೆಸುತ್ತು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಟ್ಯೂಬನ್ನೂ ತೋರಿಸಿ.

ಪ್ರಶ್ನೆ: ಐರೋಳಿಯ ಸದಸ್ಯೆಯಿಂದ

ನನ್ನದು ರಾತ್ರಿ ಪಾಳಿ, ಮಲಗುವುದೇ ಬೆಳಗ್ಗೆ ಎಂಟಕ್ಕೆ. ನನಗೂ ಬೆಳಗಿನ ಮಿತಿಯೇ ಅನ್ವಯಿಸುತ್ತದೆಯೇ? ಮತ್ತೆ, ಕಚೇರಿಯವರು ಮಾಡಿಸಿದ ‘ಸ್ಟ್ರೆಸ್ ಟೆಸ್ಟ್’ ನಾರ್ಮಲ್ ಬಂದಿದೆ. ಅಂದರೆ ನನಗೆ ಒತ್ತಡ ಇಲ್ಲವೆಂದೇ ಅರ್ಥವೇ?

ಉತ್ತರ

ಪಾಳಿಯವರಲ್ಲಿ ಗಡಿಯಾರದ ಎಂಟಕ್ಕೂ ದೇಹದ ಎಂಟಕ್ಕೂ ತಾಳೆಯಾಗುವುದಿಲ್ಲ. ಪರೀಕ್ಷೆ ಬೇಕಾದಾಗ ಎಷ್ಟು ಗಂಟೆಗೆ ಮಲಗಿ ಎದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಅದರಲ್ಲಿನ ಈಸ್ಟ್ರೊಜೆನ್ ರಕ್ತದ ಒಟ್ಟು ಕಾರ್ಟಿಸಾಲನ್ನು ಸುಳ್ಳಾಗಿ ಏರಿಸಿ ತೋರಿಸುತ್ತದೆ.

ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ತೆಗೆದದ್ದು ಹೃದಯದ ಪರೀಕ್ಷೆ. ಅಲ್ಲಿ ‘ಸ್ಟ್ರೆಸ್’ ಎಂದರೆ ಹೃದಯಕ್ಕೆ ಕೊಡುವ ಶ್ರಮ. ಮನಸ್ಸಿನ ಭಾರವನ್ನು ಅಳೆಯುವುದಕ್ಕೆ 1983ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಪ್ರಕಟಿಸಿದ ಹದಿನಾಲ್ಕು ಪ್ರಶ್ನೆಗಳ ಪ್ರಶ್ನಾವಳಿಯ ಚಿಕ್ಕ ರೂಪ ಇಂದಿಗೂ ಬಳಕೆಯಲ್ಲಿದೆ: ಕಳೆದ ಒಂದು ತಿಂಗಳ ಬಗ್ಗೆ ಹತ್ತು ಪ್ರಶ್ನೆಗಳು, ಒಟ್ಟು ಅಂಕ 0ಯಿಂದ 40. ಆದರೂ ನಿಮ್ಮ ವರದಿಯಲ್ಲಿ ನೋಡಬೇಕಾದ ಒಂದು ಸಾಲಿದೆ. ನಡಿಗೆ ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು ಎಂಬುದನ್ನು ನೋಡಿ ಬರೆಯಿರಿ. 12 ಅಥವಾ ಅದಕ್ಕಿಂತ ಕಡಿಮೆ ಇಳಿದಿದ್ದರೆ, ಇಸಿಜಿ ನಾರ್ಮಲ್ ಇದ್ದರೂ ಆ ಹಾಳೆಯನ್ನು ಹೃದ್ರೋಗ ವೈದ್ಯರಿಗೆ ಒಮ್ಮೆ ತೋರಿಸಬೇಕು.