ತುರ್ತು: 'ನ್ವಾರ್' ಸಿನಿಮಾಕ್ಕೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಗೂಢಚಾರ, ಬೇಹುಗಾರ, ಅನುಮಾನಾಸ್ಪದ ಸಾವು

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಕರಪತ್ರವೊಂದು ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು, ಅದಕ್ಕೇ ಈ ಗಡಿಬಿಡಿ. ನಮ್ಮ ಸಿನಿಮಾ ಬಳಗದಲ್ಲಿ ಭಾನುವಾರ 1943ರ 'ದ ಫಾಲನ್ ಸ್ಪ್ಯಾರೋ' ತೋರಿಸುತ್ತಿದ್ದೇವೆ. ಹಾಲಿವುಡ್‌ನ ಆರ್‌ಕೆಓ ಕಂಪನಿಯ ಚಿತ್ರ, ರಿಚರ್ಡ್ ವಾಲೇಸ್ ನಿರ್ದೇಶನ. ಜಾನ್ ಗಾರ್ಫೀಲ್ಡ್, ಮೊರೀನ್ ಒಹಾರಾ ಇದ್ದಾರೆ.

ನೋಡದವರಿಗೆ ಕಥೆ ಇಷ್ಟು. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ವಿರುದ್ಧ ಹೋರಾಡಿ, ಸೆರೆ ಸಿಕ್ಕು, ಜೈಲಿನಲ್ಲಿ ಚಿತ್ರಹಿಂಸೆ ಅನುಭವಿಸಿದ ಅಮೆರಿಕದವನೊಬ್ಬ ನ್ಯೂಯಾರ್ಕಿಗೆ ವಾಪಸ್ ಬರುತ್ತಾನೆ. ಅಲ್ಲಿ ಅವನ ಪೊಲೀಸ್ ಗೆಳೆಯ ಕಿಟಕಿಯಿಂದ ಬಿದ್ದು ಸತ್ತಿದ್ದಾನೆ. ಬಿದ್ದನೋ, ಯಾರಾದರೂ ತಳ್ಳಿದರೋ? ದೊಡ್ಡವರ ಪಾರ್ಟಿಗಳಲ್ಲಿ, ಯುರೋಪಿನಿಂದ ಓಡಿ ಬಂದ ನಿರಾಶ್ರಿತರ ನಡುವೆ, ನಾಜಿಗಳ ಕಡೆಯವರು ಸೇರಿಕೊಂಡಿದ್ದಾರೆ. ಇವನಿಗೆ ಜೈಲಿನ ಕತ್ತಲಲ್ಲಿ ಕೇಳುತ್ತಿದ್ದ, ಯಾರೋ ಕುಂಟುತ್ತಾ ಕಾಲು ಎಳೆಯುವ ಸದ್ದು ತಲೆಯಿಂದ ಹೋಗಿಲ್ಲ. ಮುಖ ಕಾಣದು, ಬರೀ ಸರ್... ಸರ್... ಅನ್ನುವ ಸದ್ದು.

ಈಗ ನನಗೆ ಬೇಕಾದದ್ದು. 'ನ್ವಾರ್'ಗೆ, ಅಂದರೆ ಇಂಥ ನೆರಳು-ಕತ್ತಲೆಯ ಅಪರಾಧ ಚಿತ್ರಗಳಿಗೆ, ಒಂದು ಪದ. 'ಗೂಢಚಾರ', 'ಗುಪ್ತಚರ', 'ಬೇಹುಗಾರ' ಈ ಮೂರರಲ್ಲಿ ಒಂದು. ಆ ಸಾವನ್ನು 'ಅಸಹಜ' ಅನ್ನಬೇಕೋ 'ಅನುಮಾನಾಸ್ಪದ' ಅನ್ನಬೇಕೋ, ಅದೊಂದು. ಹೆಸರನ್ನೂ ಕನ್ನಡ ಮಾಡಿ, 'ಬಿದ್ದ ಗುಬ್ಬಿ' ಅಂತ ಹಾಕಿ ಅಂತಾರೆ ನಮ್ಮ ಕಾರ್ಯದರ್ಶಿ. ನನಗೆ ಯಾಕೋ ಮನಸ್ಸಿಲ್ಲ.

ಶಿವಮೊಗ್ಗದಿಂದ:

'ನ್ವಾರ್' ಬೇಡವೇ ಬೇಡ. ಫ್ರೆಂಚರು ಅವರ ಮಾತಲ್ಲಿ 'ಕಪ್ಪು' ಅಂದರು, ನಾವು ನಮ್ಮ ಮಾತಲ್ಲಿ ಅನ್ನೋಣ. 'ಕರಾಳ ಚಿತ್ರ' ಅನ್ನಿ. ಕರಿ + ಆಳ = ಕರಾಳ, ಕಪ್ಪಾದ ಆಳ. ಇದಕ್ಕಿಂತ ಚೆನ್ನಾದ ಪದ ಬೇಕಾ? ಎರಡನೆಯದಕ್ಕೆ 'ಬೇಹುಗಾರ'. ಉಳಿದೆರಡೂ ಸಂಸ್ಕೃತ, ಪಕ್ಕಕ್ಕಿಡಿ.

ಮೈಸೂರಿನಿಂದ:

ಕರಿ + ಆಳ ಅಲ್ಲ. ಕರಾಳ ಶುದ್ಧ ಸಂಸ್ಕೃತ. ಅದರ ಅರ್ಥ ಬಾಯಿ ತೆರೆದ, ಹಲ್ಲು ಚಾಚಿದ, ನೋಡಿದರೆ ನಡುಕ ಹುಟ್ಟುವ ಎಂದು. ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪದ ಬಾಯಿಗಳಿಗೆ 'ದಂಷ್ಟ್ರಾಕರಾಳ' ಎಂದಿದೆ. ಗಾರ್ಫೀಲ್ಡ್ ಚಿತ್ರಕ್ಕೆ ಅದನ್ನು ಅಂಟಿಸಿದರೆ ಜನ ದೆವ್ವದ ಸಿನಿಮಾ ಅಂದುಕೊಂಡು ಬರುತ್ತಾರೆ.

ಗೂಢಚಾರನ ವಿಷಯ ಬಂದಾಗ ಕೌಟಿಲ್ಯನನ್ನು ಬಿಟ್ಟು ಮಾತಾಡುವುದು ಹೇಗೆ? ಅವನ 'ಅರ್ಥಶಾಸ್ತ್ರ' ಗ್ರಂಥದ ಓಲೆಗರಿ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇದೇ ಮೈಸೂರಿನಲ್ಲಿ, ಅಚ್ಚಾಗಿದ್ದು 1909ರಲ್ಲಿ. ಅದರಲ್ಲಿ 'ಗೂಢಪುರುಷ'ರ ಪಟ್ಟಿಯೇ ಇದೆ. ಕಪಟ ಶಿಷ್ಯನ ವೇಷದವನು ಕಾಪಟಿಕ. ವ್ಯಾಪಾರಿಯ ವೇಷದವನು ವೈದೇಹಕ. ಸನ್ಯಾಸಿಯ ವೇಷದವನು ತಾಪಸ. ವಿಷ ಹಾಕುವವನು ರಸದ. ಎರಡೂ ಕಡೆ ಸಂಬಳ ತಿನ್ನುವವನು 'ಉಭಯವೇತನ'. ಡಬಲ್ ಏಜೆಂಟಿಗೆ ಇದಕ್ಕಿಂತ ಖಚಿತವಾದ ಪದ ಇಂಗ್ಲಿಷಿನಲ್ಲೂ ಇಲ್ಲ. ನಿರಾಶ್ರಿತ ಪಂಡಿತನ ಸೋಗಿನಲ್ಲಿ ಒಬ್ಬ ನಿಮ್ಮ ಚಿತ್ರದಲ್ಲೂ ಇದ್ದಾನಲ್ಲ, ವಾಲ್ಟರ್ ಸ್ಲೆಜಾಕ್ ಮಾಡಿದ ಪಾತ್ರ? ಕೌಟಿಲ್ಯ ನೋಡಿದ್ದರೆ ಯಾವ ಪಟ್ಟಿಗೆ ಸೇರಿಸಬೇಕು ಅಂತ ತಕ್ಷಣ ಹೇಳುತ್ತಿದ್ದ.

ಶಿವಮೊಗ್ಗದಿಂದ:

> ಕೌಟಿಲ್ಯನನ್ನು ಬಿಟ್ಟು ಮಾತಾಡುವುದು ಹೇಗೆ?

ಬಾಯಿಂದ ಮಾತಾಡಬಹುದು. ಅವರು ಕೇಳಿದ್ದು ಕನ್ನಡ ಪದ.

'ಬೇಹು' ನಮ್ಮದು, ಅಪ್ಪಟ ದ್ರಾವಿಡ. ತಮಿಳಿನಲ್ಲಿ 'ವೇವು', ತೆಲುಗಿನಲ್ಲಿ 'ವೇಗು', ನಮ್ಮಲ್ಲಿ 'ಬೇಹು'. ವೇರ್ ಬೇರಾಯಿತು, ವಾಯ್ ಬಾಯಾಯಿತು, ಇದೂ ಹಾಗೇ. ನಮ್ಮ ಹಳೆಯ ಕಾವ್ಯಗಳಲ್ಲಿ ಅರಸರು ಕಳಿಸುತ್ತಿದ್ದುದು ಬೇಹಿನವರನ್ನು. ಅಷ್ಟು ಹಳೆಯ ಪದ ಮನೆಯಲ್ಲೇ ಇರುವಾಗ ಪಕ್ಕದ ಮನೆಯಿಂದ ಎರವಲು ಯಾಕೆ?

ಮಂಗಳೂರಿನಿಂದ:

'ಬೇಹು' ನಿಮ್ಮದೇ ಇರಲಿ ಸಾರ್. 'ಗಾರ' ಯಾರದು? ಸಂಸ್ಕೃತದ 'ಕಾರ' ತಾನೇ? ಬಳೆಗಾರ, ಮಾಲೆಗಾರ ಅಂತ ಶಾಲೆಯಲ್ಲಿ ತದ್ಧಿತ ಪಾಠ ಮಾಡುವಾಗ ಮೇಷ್ಟ್ರು ಇದನ್ನೂ ಹೇಳಿರುತ್ತಾರೆ. ತಲೆ ಕನ್ನಡ, ಬಾಲ ಸಂಸ್ಕೃತ.

ಶಿವಮೊಗ್ಗದಿಂದ:

ಹಾಗಾದರೆ 'ಬೇಹಿನವನು' ಅನ್ನಿ. ಬಾಲ ಕತ್ತರಿಸಿ ಆಯಿತು.

ಬೆಂಗಳೂರಿನಿಂದ:

ಪೇಪರಿನ ಕ್ರೈಂ ಪುಟದಲ್ಲಿ ಬಹಳ ಕಾಲ ಕೂತವನು ನಾನು. ಎರಡು ಮಾತು ಹೇಳುತ್ತೇನೆ, ಪ್ರೆಸ್ಸಿನ ಗಡುವು ಏನು ಅಂತ ನನಗೂ ಗೊತ್ತು.

ಮೊದಲು ಸಾವಿನ ವಿಷಯ. 'ಅಸಹಜ', 'ಅಸ್ವಾಭಾವಿಕ' ಇವು ಸ್ಟೇಷನ್ನಿನ ಪದಗಳು. ಹಾವು ಕಚ್ಚಿ ಸತ್ತರೂ, ಬಾವಿಗೆ ಜಾರಿ ಬಿದ್ದರೂ, ನೇಣು ಹಾಕಿಕೊಂಡರೂ ಮೊದಲು ಅಸ್ವಾಭಾವಿಕ ಸಾವು ಅಂತಲೇ ದಾಖಲಾಗುತ್ತದೆ. ಪೊಲೀಸರ ಬಾಯಲ್ಲಿ ಅದು 'ಯುಡಿಆರ್', ಅಂದರೆ ಅನ್‌ನ್ಯಾಚುರಲ್ ಡೆತ್ ರಿಪೋರ್ಟ್. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಂ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಅಂದರೆ ಅಸಹಜ ಅನ್ನುವುದರಲ್ಲಿ ಯಾರ ಮೇಲೂ ಬೆರಳು ತೋರಿಸಿದ ಹಾಗಾಗುವುದಿಲ್ಲ. ಅದೇ 'ಅನುಮಾನಾಸ್ಪದ' ಅಂತ ಬರೆದ ಕೂಡಲೇ ಯಾರದೋ ಕೈವಾಡ ಇರಬಹುದು ಅಂತ ಓದುಗನಿಗೆ ಗೊತ್ತಾಗುತ್ತದೆ. ಸತ್ತವರ ಮನೆಯವರು 'ಇದು ಸುಮ್ನೆ ಬಿದ್ದಿದ್ದಲ್ಲ ಸಾರ್' ಅಂತ ದೂರು ಕೊಟ್ಟರೆ ಹೆಡ್ಡಿಂಗಿಗೆ ಅನುಮಾನಾಸ್ಪದ ಬರುತ್ತದೆ. ನಿಮ್ಮ ಚಿತ್ರದಲ್ಲಿ ಆ ದೂರು ಕೊಡುವವನೇ ನಾಯಕ. ಹಾಗಾಗಿ ಅದನ್ನೇ ಹಾಕಿ.

ಇನ್ನು ಆ ಮೂರು ಪದ. ಕೋಶದಲ್ಲಿ ಮೂರೂ ಒಂದೇ ಇರಬಹುದು, ಬಳಕೆಯಲ್ಲಿ ಅಲ್ಲ. ನಮ್ಮ ಸರ್ಕಾರದ್ದಾದರೆ 'ಗುಪ್ತಚರ ಇಲಾಖೆ'. ಶತ್ರುವಿನವನು ಸಿಕ್ಕಿಬಿದ್ದರೆ 'ಗೂಢಚಾರನ ಬಂಧನ'. ಫೋನ್ ಕದ್ದು ಕೇಳುವುದು, ಉಪಗ್ರಹದಿಂದ ಇಣುಕುವುದು, ಹೀಗೆ ಕೆಲಸವನ್ನು ಹೇಳುವಾಗ 'ಬೇಹುಗಾರಿಕೆ'. ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ, ಬರೆಯುತ್ತಾ ಬರೆಯುತ್ತಾ ಆಗಿದ್ದು. ನಾಜಿಗಳ ಕಡೆಯವರಿಗೆ ಗೂಢಚಾರರು ಅನ್ನಿ, ಅವರ ಕೆಲಸಕ್ಕೆ ಬೇಹುಗಾರಿಕೆ ಅನ್ನಿ. ಇಬ್ಬರು ಹಿರಿಯರಿಗೂ ಅರ್ಧರ್ಧ ಸಮಾಧಾನ. ಊರಲ್ಲಂತೂ ಇದ್ಯಾವುದೂ ಇಲ್ಲ ಬಿಡಿ, 'ಅವನೊಬ್ಬ ಸಿಐಡಿ' ಅಂದರೆ ಮುಗಿಯಿತು.

ಮೈಸೂರಿನಿಂದ:

ಪತ್ರಿಕೆಯವರು ಹೇಳಿದ್ದೆಲ್ಲ ಸರಿ, ಆದರೆ 'ಅನುಮಾನಾಸ್ಪದ' ತಪ್ಪು ಪ್ರಯೋಗ. ಅನುಮಾನ ಎಂದರೆ ಸಂಶಯವಲ್ಲ. ಅದು ನ್ಯಾಯಶಾಸ್ತ್ರದಲ್ಲಿ, ಅಂದರೆ ತರ್ಕದಲ್ಲಿ, ಒಂದು ಪ್ರಮಾಣ, ತಿಳಿವಿನ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಸಂಶಯಕ್ಕೆ 'ಶಂಕೆ' ಇದೆ. 'ಶಂಕಾಸ್ಪದ ಮರಣ' ಎನ್ನಿ.

ಬೆಂಗಳೂರಿನಿಂದ:

ಮೇಷ್ಟ್ರೇ, 'ನನಗೆ ನಿನ್ನ ಮೇಲೆ ಅನುಮಾನ' ಅಂತ ಹೆಂಡತಿ ಗಂಡನಿಗೆ ಹೇಳಿದರೆ ಅವನು ನ್ಯಾಯಶಾಸ್ತ್ರ ತೆಗೆದು ನೋಡುತ್ತಾನಾ? ಕನ್ನಡದಲ್ಲಿ ಅನುಮಾನ ಅಂದರೆ ಸಂಶಯ. ಪದ ಇಲ್ಲಿಗೆ ಬಂದು ಇಲ್ಲಿನ ಅರ್ಥ ಪಡೆದಿದೆ, ಈಗ ವಾಪಸ್ ಕಳಿಸಲಾಗುವುದಿಲ್ಲ. ಇಷ್ಟಕ್ಕೂ ಈ ಚಿತ್ರಕ್ಕೆ ನಿಮ್ಮ ಅರ್ಥವೂ ಸರಿಹೊಂದುತ್ತದೆ. ಕಾಲೆಳೆಯುವ ಸದ್ದು ಕೇಳಿಯೇ ಆಳನ್ನು ಗುರುತಿಸಬೇಕು, ಅದು ನಿಮ್ಮ ಹೊಗೆ-ಬೆಂಕಿಯ ಅನುಮಾನವೇ ಅಲ್ವಾ? 'ಶಂಕಾಸ್ಪದ ಮರಣ' ಅಂತ ಹಾಕಿದರೆ ವೈಕುಂಠ ಸಮಾರಾಧನೆಯ ಕಾರ್ಡ್ ಅಂದುಕೊಂಡಾರು.

ಧಾರವಾಡದಿಂದ:

ನ್ವಾರ್ ಕಡೆ ಯಾರೂ ನೋಡ್ತಾ ಇಲ್ಲ, ನಾನು ನೋಡ್ತೀನಿ. 1943ರಲ್ಲಿ ಈ ಚಿತ್ರ ಮಾಡಿದವರಿಗೇ ತಾವು 'ನ್ವಾರ್' ಮಾಡ್ತಾ ಇದ್ದೇವೆ ಅಂತ ಗೊತ್ತಿರಲಿಲ್ಲ. ಹಾಲಿವುಡ್‌ನವರು ಇಂಥವನ್ನೆಲ್ಲ 'ಮೆಲೋಡ್ರಾಮಾ' ಅಂತ ಮಾರುತ್ತಿದ್ದರು. ಜರ್ಮನರ ಆಕ್ರಮಣದ ಕಾಲದಲ್ಲಿ ಪ್ಯಾರಿಸ್ಸಿಗೆ ಅಮೆರಿಕದ ಚಿತ್ರ ಬರೋದು ನಿಂತಿತ್ತು. ಯುದ್ಧ ಮುಗಿದ ಮೇಲೆ ಒಟ್ಟೊಟ್ಟಿಗೆ ಬಂದವು. ಅವನ್ನು ನೋಡಿ 1946ರಲ್ಲಿ ನೀನೋ ಫ್ರಾಂಕ್ ಅನ್ನೋ ವಿಮರ್ಶಕ 'ಫಿಲ್ಮ್ ನ್ವಾರ್' ಅಂತ ಬರೆದ. ಅದಕ್ಕೆ ಹಿಂದಿನ ವರ್ಷವೇ ಅಲ್ಲಿ ಪತ್ತೇದಾರಿ ಕಾದಂಬರಿಗಳ 'ಸೆರಿ ನ್ವಾರ್' ಮಾಲೆ ಶುರುವಾಗಿತ್ತು, ಕಪ್ಪು ರಕ್ಷಾಪುಟದ್ದು. ಅಂದರೆ ಅದು ಹಿಂದಿನಿಂದ ಅಂಟಿಸಿದ ಚೀಟಿ. ಅಮೆರಿಕದವರೇ ಅದನ್ನು ಅನುವಾದ ಮಾಡದೆ ಫ್ರೆಂಚಿನಲ್ಲೇ ಇಟ್ಟುಕೊಂಡರು. ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

'ಕಪ್ಪು ಚಿತ್ರ' ಅಂದರೆ ಕಪ್ಪು-ಬಿಳುಪು ಚಿತ್ರ ಅಂತ ತಿಳಿಯುತ್ತಾರೆ. 'ನಾಯರ್ ಚಿತ್ರ' ಅಂತ ಬರೆದದ್ದನ್ನೂ ಒಂದು ಕಡೆ ನೋಡಿದ್ದೇನೆ, ಕೇರಳದ್ದು ಅಂದುಕೊಂಡೆ. ಅಕ್ಕಾರೇ, ಸುಮ್ನೆ 'ಯುದ್ಧಕಾಲದ ಪತ್ತೇದಾರಿ ಚಿತ್ರ' ಅನ್ನಿ. ಕೆಳಗೆ ಸಣ್ಣಕ್ಷರದಲ್ಲಿ 'ಫಿಲ್ಮ್ ನ್ವಾರ್ ಮಾದರಿ' ಅಂತ ಹಾಕಿ. ನಿಕೋಲಸ್ ಮುಸುರಾಕಾ ಕ್ಯಾಮೆರಾ ಅಂತ ಹಾಕೋದು ಮರೀಬೇಡಿ. ನೆರಳು-ಬೆಳಕು ನೋಡೋಕೆ ಅಂತಲೇ ಬರೋರು ಇದ್ದಾರೆ.

ಮತ್ತೆ 'ಬಿದ್ದ ಗುಬ್ಬಿ' ಖಂಡಿತ ಬೇಡ. ಗುಬ್ಬಿ ನಾಟಕ ಕಂಪನಿ ದಿವಾಳಿಯಾದ ಕಥೆ ಅಂದುಕೊಳ್ತಾರೆ ಜನ. ಬೈಬಲಿನ ಮತ್ತಾಯನ ಸುವಾರ್ತೆ 10ನೇ ಅಧ್ಯಾಯದಲ್ಲಿ ಕಾಸಿಗೆ ಎರಡು ಸಿಗುವ ಗುಬ್ಬಿಯೂ ದೇವರಿಗೆ ತಿಳಿಯದೆ ನೆಲಕ್ಕೆ ಬೀಳುವುದಿಲ್ಲ ಅಂತ ಇದೆಯಲ್ಲ, ಹೆಸರಿನ ಹಿಂದೆ ಆ ಮಾತಿದೆ. ಅದು ಗೊತ್ತಿಲ್ಲದವರಿಗೆ ಬಿದ್ದ ಗುಬ್ಬಿ ಬರೀ ನಗು. ಹೆಸರು ಇದ್ದ ಹಾಗೇ ಇರಲಿ.

ಶಿವಮೊಗ್ಗದಿಂದ:

'ಪತ್ತೇದಾರಿ'ಯ 'ದಾರ' ಪಾರಸಿ. ಬೇಹುಗಾರನ ಬಾಲ ಕತ್ತರಿಸಿದವರು ಇದನ್ನು ಹೇಗೆ ಬಿಟ್ಟಿರಿ?

ಮಂಗಳೂರಿನಿಂದ:

ಹವಾಲ್ದಾರ, ಅಮಲ್ದಾರ, ಜಮೀನ್ದಾರ ಎಲ್ಲರೂ ಈ ನಾಡಿನಲ್ಲಿ ತಲೆಮಾರುಗಟ್ಟಲೆ ಇದ್ದವರು. ಪತ್ತೇದಾರಿ ಕಾದಂಬರಿ ಓದಿಯೇ ಎಷ್ಟು ಜನ ಕನ್ನಡ ಓದುವ ಚಟ ಹತ್ತಿಸಿಕೊಂಡರು! ಆ ಪದಕ್ಕೂ ಈಗ ಪಾಸ್‌ಪೋರ್ಟ್ ಕೇಳುತ್ತೀರಾ?

ಶಿವಮೊಗ್ಗದಿಂದ:

ಕೇಳುತ್ತೇನೆ. ಎರವಲು ಬೇಡ ಅಂತ ನಾನು ಹೇಳಿಲ್ಲ. ಇಲ್ಲದ್ದನ್ನು ತನ್ನಿ, ಇರುವುದನ್ನು ಕೊಲ್ಲಬೇಡಿ. 'ಗೂಢಚಾರ' ಬಂದು ಬಂದೇ 'ಬೇಹಿನವನು' ಸತ್ತದ್ದು. ಅದೂ ಅನುಮಾನಾಸ್ಪದ ಸಾವೇ.

ಮೈಸೂರಿನಿಂದ:

ಸತ್ತದ್ದಲ್ಲ, ಬಳಸುವವರಿಲ್ಲದೆ ಹೋದದ್ದು. ಯಾರೂ ತಳ್ಳಲಿಲ್ಲ.

ಹುಬ್ಬಳ್ಳಿಯಿಂದ:

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿಗೆ ಕಳಿಸಿದ್ದು ಹೀಗಿದೆ: 'ದ ಫಾಲನ್ ಸ್ಪ್ಯಾರೋ (1943). ಯುದ್ಧಕಾಲದ ಪತ್ತೇದಾರಿ ಚಿತ್ರ. ನ್ಯೂಯಾರ್ಕಿನಲ್ಲಿ ನಾಜಿ ಗೂಢಚಾರರು, ಕಿಟಕಿಯಿಂದ ಬಿದ್ದ ಪೊಲೀಸನ ಅನುಮಾನಾಸ್ಪದ ಸಾವು. ಫಿಲ್ಮ್ ನ್ವಾರ್ ಮಾದರಿ. ಕ್ಯಾಮೆರಾ: ನಿಕೋಲಸ್ ಮುಸುರಾಕಾ.' ಮೇಷ್ಟ್ರ 'ಉಭಯವೇತನ' ಚಿತ್ರದ ನಂತರದ ಮಾತುಕತೆಯಲ್ಲಿ ಖಂಡಿತ ಬಳಸುತ್ತೇನೆ, ಬಹಳ ಹಿಡಿಸಿತು. ಕರಪತ್ರದಲ್ಲಿ ಜಾಗ ಸಾಲಲಿಲ್ಲ.

ಶಿವಮೊಗ್ಗದಿಂದ:

'ಉಭಯವೇತನ'ಕ್ಕೆ 'ಇಕ್ಕೆಲದ ಬೇಹಿನವನು' ಅನ್ನಬಹುದು. ಮಾತುಕತೆಯಲ್ಲಿ ಇದನ್ನೂ ಹೇಳಿ. ಮತ್ತೆ 'ಕರಪತ್ರ' ಸಂಸ್ಕೃತ, 'ಕೈಹಾಳೆ' ಅನ್ನಿ.